ಇಂಗ್ಲಿಷಿನ ಪರೋಕ್ಷೋಕ್ತಿ ಮತ್ತು ಗಡಿನಾಡ ಕನ್ನಡದ ‘ಅಂತ’

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಂಡಿಸಿದ ಪ್ರಬಂಧದ ಲಿಖಿತ ರೂಪ. ಮಾತಿನ ಧಾಟಿಯನ್ನು ಸಾಧ್ಯವಾದಷ್ಟು ಹಾಗೇ ಉಳಿಸಿಕೊಳ್ಳಲಾಗಿದೆ.)

ಪೀಠಿಕೆ

ನಾನು ಕೊಲ್ಹಾಪುರ ಜಿಲ್ಲೆಯ ಕಾಗಲ ತಾಲೂಕಿನ ಬಿದ್ರಿಯಿಂದ ಮಾತಾಡ್ತಾ ಇದ್ದೇನೆ. ಕನ್ನಡ ಸಾಹಿತ್ಯದ ವಿದ್ಯಾರ್ಥಿ ಇಂಗ್ಲಿಷ್ ವ್ಯಾಕರಣದ ಒಂದು ಪಾಠವನ್ನು ಯಾಕೆ ಎತ್ತಿಕೊಂಡ ಅಂತ ಕೆಲವರಿಗೆ ಅನ್ನಿಸಬಹುದು. ಡೈರೆಕ್ಟ್ ಸ್ಪೀಚನ್ನು ಇನ್‌ಡೈರೆಕ್ಟ್ ಸ್ಪೀಚಿಗೆ ಬದಲಾಯಿಸುವ ಪಾಠ ಗೊತ್ತಿಲ್ಲದವರು ನಮ್ಮಲ್ಲಿ ಯಾರೂ ಇಲ್ಲ. ಪ್ರೌಢಶಾಲೆಯಲ್ಲಿ ಓದಿದ ಎಲ್ಲರೂ ‘ಸೆಡ್ ಟು’ ಇದ್ದಲ್ಲಿ ‘ಟೋಲ್ಡ್’ ಹಾಕಿದವರು, ‘ಟುಮಾರೋ’ ಇದ್ದಲ್ಲಿ ‘ದ ನೆಕ್ಸ್ಟ್ ಡೇ’ ಹಾಕಿದವರು. ರೆನ್ ಮತ್ತು ಮಾರ್ಟಿನ್ ಅವರ ವ್ಯಾಕರಣ ಪುಸ್ತಕ 1930ರ ದಶಕದಲ್ಲಿ ಬಂತು. ಅದರ ಪಟ್ಟಿಗಳನ್ನು ನಾವು ಇವತ್ತಿಗೂ ಬಾಯಿಪಾಠ ಮಾಡುತ್ತಿದ್ದೇವೆ.

ನನ್ನ ಪ್ರಶ್ನೆ ಆ ಪಟ್ಟಿಯ ಹಿಂದಿನದು. ಈ ಪಾಠದಲ್ಲಿ ಕನ್ನಡದ ಮಕ್ಕಳು ಮಾಡುವ ತಪ್ಪುಗಳು ಎಲ್ಲಾ ಕಡೆ ಒಂದೇ ಥರ ಇರುತ್ತವೆ. ಗಡಹಿಂಗ್ಲಜದಲ್ಲಿ ಆಗುವ ತಪ್ಪೇ ಸಂಕೇಶ್ವರದಲ್ಲೂ ಆಗುತ್ತದೆ, ಮಂಡ್ಯದಲ್ಲೂ ಆಗುತ್ತದೆ. ಇಷ್ಟು ಕ್ರಮಬದ್ಧವಾಗಿ ಬರುವ ತಪ್ಪಿಗೆ ಹಿಂದೆ ಒಂದು ನಿಯಮ ಇರಲೇಬೇಕು. ಆ ನಿಯಮ ನಮ್ಮ ಭಾಷೆಯದು. ಅದು ಯಾವುದು ಅಂತ ತಿಳಿದರೆ ಇಂಗ್ಲಿಷ್ ಪಾಠ ಸುಲಭವಾಗುತ್ತದೆ ಅನ್ನುವುದು ನನ್ನ ಮೊದಲ ಮಾತು. ಮಾತನ್ನು ಒಂದು ಭಾಷೆಯಿಂದ ಇನ್ನೊಂದಕ್ಕೆ ಸಾಗಿಸುವಾಗ ‘ನಾನು’ ಯಾರು ಅನ್ನುವುದೇ ಅದಲುಬದಲಾಗುವ ಅಪಾಯ ಇದೆ, ಮತ್ತು ಅದು ಪರೀಕ್ಷೆಯ ಅಂಕಗಳಿಗಿಂತ ದೊಡ್ಡ ವಿಷಯ ಅನ್ನುವುದು ಎರಡನೆಯ ಮಾತು.

1. ಇಂಗ್ಲಿಷ್ ಏನು ಕೇಳುತ್ತದೆ?

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಒಬ್ಬ ರೈತ ಸೋಮವಾರ ಹೇಳಿದ ಮಾತು: “ನಾನು ನಾಳೆ ಬಿದ್ರಿ ಕಾರ್ಖಾನೆಗೆ ಕಬ್ಬು ಕಳಿಸ್ತೀನಿ.” ಇದನ್ನು ಗುರುವಾರ ನಾನು ಬೇರೊಬ್ಬರಿಗೆ ಇಂಗ್ಲಿಷಿನಲ್ಲಿ ವರದಿ ಮಾಡಬೇಕು. ನೇರ ರೂಪ ಹೀಗಿರುತ್ತದೆ: ‘ಹಿ ಸೆಡ್, “ಐ ವಿಲ್ ಸೆಂಡ್ ದ ಕೇನ್ ಟುಮಾರೋ.”’ ಪರೋಕ್ಷ ರೂಪ ಹೀಗಾಗುತ್ತದೆ: ‘ಹಿ ಸೆಡ್ ದಟ್ ಹಿ ವುಡ್ ಸೆಂಡ್ ದ ಕೇನ್ ದ ನೆಕ್ಸ್ಟ್ ಡೇ.’

ಇಲ್ಲಿ ನಾಲ್ಕು ಕೆಲಸ ನಡೆದಿವೆ. ‘ದಟ್’ ಬಂತು. ‘ಐ’ ಹೋಗಿ ‘ಹಿ’ ಆಯಿತು. ‘ವಿಲ್’ ಹೋಗಿ ‘ವುಡ್’ ಆಯಿತು. ‘ಟುಮಾರೋ’ ಹೋಗಿ ‘ದ ನೆಕ್ಸ್ಟ್ ಡೇ’ ಆಯಿತು. ಶಾಲೆಯಲ್ಲಿ ಇವನ್ನು ನಾಲ್ಕು ಬೇರೆ ಬೇರೆ ನಿಯಮಗಳಾಗಿ ಕಲಿಸುತ್ತಾರೆ. ನಿಜದಲ್ಲಿ ‘ದಟ್’ ಒಂದನ್ನು ಬಿಟ್ಟರೆ ಉಳಿದ ಮೂರೂ ಒಂದೇ ನಿಯಮ: ವರದಿ ಮಾಡುವವನು ತಾನು ನಿಂತ ಜಾಗದಿಂದ, ತನ್ನ ಗಡಿಯಾರ ನೋಡಿಕೊಂಡು ಮಾತಾಡಬೇಕು. ನನಗೆ ಆ ರೈತ ‘ನಾನು’ ಅಲ್ಲ, ‘ಅವನು’. ಗುರುವಾರ ನಿಂತು ನೋಡಿದರೆ ಅವನ ‘ನಾಳೆ’ ಮಂಗಳವಾರವೇ ಆಗಿಹೋಗಿದೆ. ಅವನ ಭವಿಷ್ಯ ನನಗೆ ಭೂತ. ಅದಕ್ಕೇ ‘ವುಡ್’.

ಹೇಳಿದ ಮಾತು ಈಗಲೂ ನಿಜವಾಗಿದ್ದರೆ ಕಾಲ ಬದಲಾಯಿಸದಿದ್ದರೂ ನಡೆಯುತ್ತದೆ ಅಂತ ಇಂಗ್ಲಿಷ್ ಒಂದು ಸಡಿಲಿಕೆ ಕೊಡುತ್ತದೆ. ಭೂಮಿ ದುಂಡಗಿದೆ ಅಂತ ಮೇಷ್ಟ್ರು ಹೇಳಿದರು ಅನ್ನುವಾಗ ‘ಈಸ್’ ಹಾಗೇ ಇರಬಹುದು. ಆ ತೀರ್ಮಾನ ಮಾಡುವವನೂ ವರದಿಗಾರನೇ. ಅಂದರೆ ಇಂಗ್ಲಿಷಿನ ಪರೋಕ್ಷೋಕ್ತಿಯಲ್ಲಿ ಮಾತು ಒಬ್ಬನದು, ಯಜಮಾನಿಕೆ ಇನ್ನೊಬ್ಬನದು.

2. ಕನ್ನಡ ಏನು ಮಾಡುತ್ತದೆ?

ಅದೇ ಮಾತನ್ನು ಗುರುವಾರ ಕನ್ನಡದಲ್ಲಿ ಹೇಳಿ ನೋಡಿ: “ನಾಳೆ ಕಬ್ಬು ಕಳಿಸ್ತೀನಿ ಅಂತ ಸೋಮವಾರ ಹೇಳಿದ.” ಏನೂ ಬದಲಾಗಿಲ್ಲ. ಕಾಲ ಹಾಗೇ ಇದೆ, ‘ನಾಳೆ’ ಹಾಗೇ ಇದೆ, ‘ಕಳಿಸ್ತೀನಿ’ ಅನ್ನುವ ಉತ್ತಮ ಪುರುಷವೂ ಹಾಗೇ ಇದೆ. ಕೊನೆಗೆ ‘ಅಂತ’ ಬಂದು ‘ಇಲ್ಲಿಯವರೆಗಿನದು ಅವನ ಮಾತು’ ಅಂತ ಬೇಲಿ ಹಾಕಿತು, ಅಷ್ಟೇ.

ಈ ‘ಅಂತ’, ಬರವಣಿಗೆಯ ‘ಎಂದು’, ಎರಡೂ ‘ಎನ್’ ಧಾತುವಿನಿಂದ ಬಂದವು. ‘ಹೇಳಿ’ ಅನ್ನುವ ಅರ್ಥದ ಕೃದಂತವೇ ವಾಕ್ಯಗಳನ್ನು ಜೋಡಿಸುವ ಅವ್ಯಯವಾಗಿ ನಿಂತಿದೆ. ತಮಿಳಿನ ‘ಎನ್ರು’, ಮಲಯಾಳದ ‘ಎನ್ನು’, ತೆಲುಗಿನ ‘ಅನಿ’ ಇದೇ ದಾರಿಯವು. ಇಂಗ್ಲಿಷಿನ ‘ದಟ್’ ವಾಕ್ಯದ ಮುಂಬಾಗಿಲಲ್ಲಿ ನಿಲ್ಲುತ್ತದೆ, ನಮ್ಮ ‘ಎಂದು’ ಹಿಂಬಾಗಿಲಲ್ಲಿ ನಿಲ್ಲುತ್ತದೆ. ಓಲೆಗರಿಯ ಕಾಲದಲ್ಲಿ ಉದ್ಧರಣ ಚಿಹ್ನೆ ಇರಲಿಲ್ಲ, ಅದು ಅಚ್ಚಿನ ಜೊತೆ ಬಂದದ್ದು. ಅದಕ್ಕೂ ಮೊದಲು ಆ ಕೆಲಸವನ್ನೆಲ್ಲ ‘ಎಂದು’, ‘ಎನುತ’, ‘ಎಂಬ’ ಇಂಥ ರೂಪಗಳೇ ಮಾಡುತ್ತಿದ್ದವು.

ಇದು ಬರೀ ಹೇಳಿಕೆಗೆ ಸೀಮಿತವಾದ ಪದವೂ ಅಲ್ಲ. “ಮಳೆ ಬರುತ್ತೆ ಅಂತ ಛತ್ರಿ ತಗೊಂಡೆ” ಅನ್ನುವಲ್ಲಿ ಯಾರೂ ಮಾತಾಡಿಲ್ಲ, ಅದು ಕಾರಣ. “ನಿನ್ನ ನೋಡೋಣ ಅಂತ ಬಂದೆ” ಅನ್ನುವುದು ಉದ್ದೇಶ. “ಬಸವ ಅಂತ ಹೆಸರು” ಅನ್ನುವುದು ನಾಮಕರಣ. “ದಬ್ ಅಂತ ಬಿದ್ದ” ಅನ್ನುವುದು ಅನುಕರಣ. ಮನಸ್ಸಿನ ಮಾತು, ಹೆಸರು, ಸದ್ದು, ಎಲ್ಲವನ್ನೂ ಕನ್ನಡ ‘ಹೇಳಿದ ಮಾತು’ ಎಂಬಂತೆ ನೋಡುತ್ತದೆ.

ಹಾಗಾದರೆ ಕನ್ನಡದಲ್ಲಿ ಪರೋಕ್ಷೋಕ್ತಿಯೇ ಇಲ್ಲವೇ? ಕೆಲವು ಶಾಲಾ ವ್ಯಾಕರಣಗಳು ಇಂಗ್ಲಿಷಿನ ಎರಡು ಖಾನೆಗಳನ್ನೇ ತಂದು ಕನ್ನಡಕ್ಕೂ ಪ್ರತ್ಯಕ್ಷೋಕ್ತಿ, ಪರೋಕ್ಷೋಕ್ತಿ ಅಂತ ಹೆಸರಿಟ್ಟುಬಿಡುತ್ತವೆ. ಡಿ.ಎನ್. ಶಂಕರ ಭಟ್ಟರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಅಂದದ್ದು ಇಂಥ ಕಡೆ ನೆನಪಾಗಬೇಕು. ಕನ್ನಡದ ಒಳಗಿನಿಂದ ನೋಡಿದರೆ ನನಗೆ ಮೂರು ಮೆಟ್ಟಿಲು ಕಾಣುತ್ತವೆ.

ಮೊದಲ ಮೆಟ್ಟಿಲು: “ನಾನು ಬರ್ತೀನಿ ಅಂತ ಹೇಳಿದ.” ಮಾತು ಪೂರ್ತಿ ಅವನದೇ.

ಎರಡನೆಯ ಮೆಟ್ಟಿಲು: “ತಾನು ಬರ್ತೀನಿ ಅಂತ ಹೇಳಿದ.” ಇದು ಬಹಳ ಕುತೂಹಲದ ರೂಪ. ಕರ್ತೃ ‘ತಾನು’, ಅಂದರೆ ಪ್ರಥಮ ಪುರುಷ. ಕ್ರಿಯಾಪದ ಮಾತ್ರ ಉತ್ತಮ ಪುರುಷದ ‘ಬರ್ತೀನಿ’. ವ್ಯಾಕರಣದ ಲೆಕ್ಕದಲ್ಲಿ ಇವು ಕೂಡಬಾರದು, ಆದರೂ ನಮ್ಮ ಕಿವಿಗೆ ಏನೂ ಹೊಡೆಯುವುದಿಲ್ಲ. ಅರ್ಧ ವಾಕ್ಯ ವರದಿಗಾರನ ಬಾಯಲ್ಲಿದೆ, ಅರ್ಧ ಮೂಲ ವಕ್ತೃವಿನ ಬಾಯಲ್ಲಿದೆ.

ಮೂರನೆಯ ಮೆಟ್ಟಿಲು: “ತಾನು ಬರುವುದಾಗಿ ಹೇಳಿದ.” ಇಲ್ಲಿ ‘ಎಂದು’ ಇಲ್ಲ. ಕ್ರಿಯಾಪದ ಭಾವನಾಮವಾಗಿ ಪುರುಷ ಪ್ರತ್ಯಯವನ್ನೇ ಕಳಚಿಕೊಂಡಿದೆ. ಇದು ಪತ್ರಿಕೆಯ ಭಾಷೆ, ಕಚೇರಿಯ ಭಾಷೆ. “ಸಚಿವರು ಕ್ರಮ ಕೈಗೊಳ್ಳುವುದಾಗಿ ಭರವಸೆ ನೀಡಿದರು” ಅಂತ ದಿನಾ ಓದುತ್ತೇವೆ. ಇಂಗ್ಲಿಷಿನ ಇನ್‌ಡೈರೆಕ್ಟ್ ಸ್ಪೀಚಿಗೆ ಕನ್ನಡದಲ್ಲಿ ಅತಿ ಹತ್ತಿರದ ರೂಪ ಇದೇ.

ಆದರೆ ಈ ಮೂರನೆಯ ಮೆಟ್ಟಿಲಿನಲ್ಲೂ ಕಾಲ ಬದಲಾಗಿಲ್ಲ ಅನ್ನುವುದನ್ನು ಗಮನಿಸಿ. ‘ಬರುವುದಾಗಿ’ ಅಂದರೆ ಹೇಳಿದ ಹೊತ್ತಿಗೆ ಇನ್ನೂ ಬಂದಿರಲಿಲ್ಲ ಅಂತ. ‘ಬಂದಿದ್ದಾಗಿ’ ಅಂದರೆ ಹೇಳುವ ಹೊತ್ತಿಗೆ ಆಗಲೇ ಬಂದಾಗಿತ್ತು ಅಂತ. ಎರಡೂ ಮೂಲ ವಕ್ತೃವಿನ ಗಡಿಯಾರವನ್ನೇ ಹಿಡಿದಿವೆ. ಕನ್ನಡ ಪರೋಕ್ಷದ ಕಡೆ ಹೆಜ್ಜೆ ಇಟ್ಟಾಗ ಮೊದಲು ಪುರುಷವನ್ನು ಬದಲಾಯಿಸುತ್ತದೆ, ಕೊನೆಯವರೆಗೂ ಕಾಲವನ್ನು ಮುಟ್ಟುವುದಿಲ್ಲ. ಇನ್ನೂ ಒಂದು ಮಿತಿ ಇದೆ. ಪ್ರಶ್ನೆ ಮೂರನೆಯ ಮೆಟ್ಟಿಲು ಹತ್ತುವುದಿಲ್ಲ. “ಎಲ್ಲಿಗೆ ಹೋಗುವುದಾಗಿ ಕೇಳಿದ” ಅಂತ ಯಾರೂ ಅನ್ನುವುದಿಲ್ಲ. “ಎಲ್ಲಿಗೆ ಹೋಗ್ತೀ ಅಂತ ಕೇಳಿದ” ಅನ್ನಲೇಬೇಕು.

‘ತಾನು’ ಮಾಡುವ ಈ ಕೆಲಸಕ್ಕೆ ಭಾಷಾವಿಜ್ಞಾನದಲ್ಲಿ ಒಂದು ಹೆಸರಿದೆ: ಲೋಗೋಫೋರಿಕ್ ಸರ್ವನಾಮ. ಪಶ್ಚಿಮ ಆಫ್ರಿಕಾದ ಭಾಷೆಗಳನ್ನು ನೋಡಿ ಕ್ಲೋದ್ ಹಾಜೆಜ್ 1974ರಲ್ಲಿ ಆ ಪದವನ್ನು ಬಳಕೆಗೆ ತಂದರು. ಯಾರ ಮಾತನ್ನು ವರದಿ ಮಾಡಲಾಗುತ್ತಿದೆಯೋ ಅವರನ್ನೇ ಸೂಚಿಸುವ ಸರ್ವನಾಮ ಅಂತ ಅದರ ಅರ್ಥ. ಇನ್ನು ‘ನಾನು’ ಅನ್ನುವ ಪದ ಈಗ ಮಾತಾಡುತ್ತಿರುವವನನ್ನು ಬಿಟ್ಟು ಬೇರೆಯವರನ್ನು ಸೂಚಿಸುವಂತೆ ಮಾಡುವ ವ್ಯವಸ್ಥೆಯನ್ನು ತತ್ತ್ವಜ್ಞಾನಿ ಡೇವಿಡ್ ಕ್ಯಾಪ್ಲನ್ ‘ರಾಕ್ಷಸ’ ಅಂತ ಕರೆದರು, ಇಂಗ್ಲಿಷಿನಲ್ಲಿ ಅಂಥದ್ದು ಇಲ್ಲ ಅಂದರು. ಅವರ ಆ ಪ್ರಬಂಧ ಅಚ್ಚಾದದ್ದು 1989ರಲ್ಲಿ. ಆಮೇಲೆ ಅಮ್ಹಾರಿಕ್ ಮುಂತಾದ ಭಾಷೆಗಳಲ್ಲಿ ಆ ರಾಕ್ಷಸ ಇದೆ ಅಂತ ಚರ್ಚೆ ಶುರುವಾಯಿತು. ‘ತಾನು ಬರ್ತೀನಿ’ ಥರದ ಹೊಂದಾಣಿಕೆಯ ಬಗ್ಗೆ ತಮಿಳನ್ನು ಆಧರಿಸಿ ಸಂಧ್ಯಾ ಸುಂದರೇಶನ್ ಬರೆದಿದ್ದಾರೆ. ನಾವು ದಿನಾ ಆಡುವ ಮಾತು ಹೊರಗಿನವರಿಗೆ ಎಷ್ಟು ದೊಡ್ಡ ಸಮಸ್ಯೆಯಾಗಿ ಕಂಡಿದೆ ಅನ್ನುವುದಕ್ಕೆ ಇಷ್ಟು ಹೇಳಿದೆ.

3. ಗಡಿಯಲ್ಲಿ ಮೂರು ಭಾಷೆ, ಒಂದೇ ಬೇಲಿ

ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜದ ಕಡೆ ಕನ್ನಡಕ್ಕೆ ನೆರೆಯಾಗಿ ಮರಾಠಿ ಇದೆ, ದಖನಿ ಉರ್ದು ಇದೆ. ಮೂರರಲ್ಲೂ ಒಂದೇ ವಾಕ್ಯವನ್ನು ಇಟ್ಟು ನೋಡೋಣ.

ಕನ್ನಡ: ಮಳಿ ಬರತೈತಿ ಅಂತ ಛತ್ರಿ ತಗೊಂಡೆ.
ಮರಾಠಿ: ಪಾಊಸ್ ಯೇಈಲ್ ಮ್ಹಣೂನ್ ಛತ್ರೀ ಘೇತಲೀ.
ದಖನಿ: ಬಾರಿಶ್ ಆಯೇಗೀ ಬೋಲ್ಕೆ ಛತ್ರೀ ಲಿಯಾ.

ಮರಾಠಿಯ ‘ಮ್ಹಣೂನ್’ ಅಂದರೆ ‘ಹೇಳಿ’, ದಖನಿಯ ‘ಬೋಲ್ಕೆ’ ಅಂದರೂ ‘ಹೇಳಿ’. ಪದಗಳು ಬೇರೆ, ಅಚ್ಚು ಒಂದೇ. ಗಾಳಿಮಾತು ತಿಳಿಸುವ ರೂಪವನ್ನೂ ನೋಡಿ. “ಅಂವ ನಾಳಿ ಬರ್ತಾನಂತ” ಅನ್ನುವುದಕ್ಕೆ ಮರಾಠಿಯವರು “ತೋ ಉದ್ಯಾ ಯೇಣಾರ್ ಮ್ಹಣೆ” ಅಂತಾರೆ. ಯಾರು ಹೇಳಿದರು ಅಂತ ಹೇಳದೆಯೇ ‘ಇದು ನನ್ನ ಮಾತಲ್ಲ’ ಅಂತ ಕೈತೊಳೆದುಕೊಳ್ಳುವ ವ್ಯವಸ್ಥೆ ಎರಡೂ ಭಾಷೆಗಳಲ್ಲಿ ‘ಹೇಳು’ ಕ್ರಿಯಾಪದದಿಂದಲೇ ಹುಟ್ಟಿದೆ. ದಕ್ಷಿಣದ ಕನ್ನಡದಲ್ಲಿ ‘ಬರ್ತಾನಂತೆ’ ಬೇರೆ, ‘ಬರ್ತಾನಂತ ಹೇಳಿದ’ ಬೇರೆ. ನಮ್ಮ ಕಡೆ ಎರಡೂ ‘ಅಂತ’ ಆಗಿಬಿಟ್ಟಿವೆ. ಮುಂದೆ ಕ್ರಿಯಾಪದ ಬಂದರೆ ಅದು ಉಕ್ತಿ, ಬರದಿದ್ದರೆ ಸುದ್ದಿ.

ಈ ಸಾಮ್ಯ ಇವತ್ತಿನದಲ್ಲ. ಸಂಸ್ಕೃತದ ‘ಇತಿ’ ಕೂಡ ಮಾತಿನ ಕೊನೆಗೇ ಬಂದು ನಿಲ್ಲುತ್ತದೆ. ಎಮನೋ 1956ರಲ್ಲಿ ಭಾರತವನ್ನು ಒಂದು ಭಾಷಿಕ ವಲಯವಾಗಿ ನೋಡಬೇಕು ಅಂದರು. ಕೈಪರ್ 1967ರಲ್ಲಿ ‘ಇತಿ’ಯ ಬಳಕೆಯನ್ನು ದ್ರಾವಿಡ ಸಂಪರ್ಕಕ್ಕೆ ಜೋಡಿಸಿದರು. ಹಾನ್ಸ್ ಹಾಕ್ ಅದನ್ನು ಒಪ್ಪದೆ 1982ರಲ್ಲಿ ವಿವರವಾಗಿ ಪ್ರಶ್ನಿಸಿದರು. ಯಾರಿಂದ ಯಾರಿಗೆ ಬಂತು ಅನ್ನುವ ವಾದ ಮುಗಿದಿಲ್ಲ. ಒಟ್ಟಿಗೆ ಬದುಕಿದ ಭಾಷೆಗಳು ಈ ವಿಷಯದಲ್ಲಿ ಒಂದೇ ದಾರಿ ಹಿಡಿದಿವೆ ಅನ್ನುವುದಂತೂ ಕಣ್ಣಿಗೆ ಕಾಣುತ್ತದೆ.

ನಮ್ಮ ಪಕ್ಕದ ಸಾಂಗಲಿ ಜಿಲ್ಲೆಯ ಕುಪವಾಡವನ್ನು ಇಲ್ಲಿ ನೆನೆಯಲೇಬೇಕು. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಆ ಊರಿನ ಬಗ್ಗೆ 1971ರಲ್ಲಿ ಪ್ರಕಟಿಸಿದ ಲೇಖನ ಜಗತ್ತಿನ ಭಾಷಾವಿಜ್ಞಾನದ ತರಗತಿಗಳಲ್ಲಿ ಓದಿಸುವಂಥದ್ದು. ಅಲ್ಲಿ ಜೈನರು ಮತ್ತು ಲಿಂಗಾಯತರು ಕನ್ನಡ, ಮುಸ್ಲಿಮರು ಉರ್ದು, ಬೇರೆಯವರು ಮರಾಠಿ, ಕೆಲವರು ತೆಲುಗು ಆಡುತ್ತಿದ್ದರು. ಪ್ರತಿಯೊಬ್ಬರೂ ಮನೆಯ ಭಾಷೆ ಬಿಡಲಿಲ್ಲ, ಆದರೆ ವಾಕ್ಯರಚನೆ ಎಷ್ಟು ಹತ್ತಿರ ಬಂದಿತ್ತೆಂದರೆ ಒಂದು ಭಾಷೆಯ ವಾಕ್ಯದಲ್ಲಿ ಪದಕ್ಕೆ ಪದ ಇಟ್ಟರೆ ಇನ್ನೊಂದು ಭಾಷೆಯ ವಾಕ್ಯ ಆಗುತ್ತಿತ್ತು. ಸೋನಲ್ ಕುಲಕರ್ಣಿ-ಜೋಶಿ ಅವರು ಅದೇ ಊರನ್ನು ಮತ್ತೆ ಅಧ್ಯಯನ ಮಾಡಿ, ಭಾಷಾವಾರು ಪ್ರಾಂತ್ಯ ರಚನೆಯ ನಂತರ ಅಲ್ಲಿ ಏನಾಗಿದೆ ಅನ್ನುವುದರ ಬಗ್ಗೆ 2015ರಲ್ಲಿ ಬರೆದಿದ್ದಾರೆ.

ಎಲ್ಲವೂ ಕನ್ನಡದ ಕಡೆಯಿಂದಲೇ ಹರಿಯುತ್ತದೆ ಅಂತಲ್ಲ. ಮರಾಠಿಗೆ ‘ಕೀ’ ಅನ್ನುವ ಇನ್ನೊಂದು ದಾರಿ ಇದೆ: “ತೋ ಮ್ಹಣಾಲಾ ಕೀ ಮೀ ಯೇಣಾರ್ ನಾಹೀ.” ಇದು ಇಂಗ್ಲಿಷಿನ ‘ದಟ್’ ಥರ ಮುಂಬಾಗಿಲಿನ ಪದ. ಮರಾಠಿ ಮಾಧ್ಯಮದಲ್ಲಿ ಕಲಿತವರ ಕನ್ನಡದಲ್ಲೂ “ಅಂವ ಹೇಳಿದಾ ಕೀ ನಾ ಬರಾಂಗಿಲ್ಲ” ಅನ್ನುವಂಥ ವಾಕ್ಯ ಕಿವಿಗೆ ಬೀಳುತ್ತದೆ. ಆಗಲೂ ‘ಮೀ’ ಹಾಗೂ ‘ನಾ’ ಬದಲಾಗಿಲ್ಲ. ಬಾಗಿಲು ಮುಂದೆ ಬಂತು, ಮನೆಯೊಳಗೆ ಏನೂ ಅಲುಗಾಡಲಿಲ್ಲ.

4. ‘ರಿ’ ಎಲ್ಲಿದೆ ನೋಡಿ

ಬೇಲಿ ಎಲ್ಲಿ ಬೀಳುತ್ತದೆ ಅನ್ನುವುದನ್ನು ಪರೀಕ್ಷಿಸಲು ನಮ್ಮ ಉತ್ತರದ ಕನ್ನಡದಲ್ಲಿ ಒಂದು ಸೊಗಸಾದ ಸಾಧನ ಇದೆ. ಅದು ‘ರಿ’.

ಒಬ್ಬ ಹುಡುಗ ಮೇಷ್ಟ್ರ ಮುಂದೆ ಹೇಳುತ್ತಾನೆ: “ನಾಳಿ ಬರ್ತೀನಿ ಅಂದಾಳ್ರಿ ಅವ್ವ.” ಇಲ್ಲಿ ‘ರಿ’ ಹೊರಗಿನ ಕ್ರಿಯಾಪದಕ್ಕೆ ಅಂಟಿದೆ. ಗೌರವ ಹುಡುಗನದು, ಸಲ್ಲುವುದು ಮೇಷ್ಟ್ರಿಗೆ. ಈಗ ಮನೆಗೆ ಬಂದು ಅದೇ ಹುಡುಗ ತಂಗಿಗೆ ಹೇಳುತ್ತಾನೆ: “ನಾಳಿ ಬರ್ತೀನ್ರಿ ಅಂದ್ಲು ಅವ್ವ.” ಈ ‘ರಿ’ ಬೇಲಿಯ ಒಳಗಿದೆ. ಗೌರವ ಅವ್ವನದು, ಅವ್ವ ಆಗ ಯಾರ ಜೊತೆ ಮಾತಾಡುತ್ತಿದ್ದಳೋ ಅವರಿಗೆ ಸಲ್ಲುವುದು. ತಂಗಿಗೆ ಯಾರೂ ‘ರಿ’ ಹಚ್ಚಿಲ್ಲ. ಉದ್ಧರಣ ಚಿಹ್ನೆ ನೋಡದ ಮಗುವಿಗೂ ಮಾತಿನ ಒಳಗು ಹೊರಗು ಸ್ಪಷ್ಟವಾಗಿ ಗೊತ್ತು. ನಮ್ಮ ಮಕ್ಕಳಿಗೆ ‘ಯಾರ ಮಾತು ಯಾರದು’ ಅನ್ನುವ ತಿಳಿವಳಿಕೆ ಇಲ್ಲ ಅನ್ನುವ ಹಾಗಿಲ್ಲ. ಇಂಗ್ಲಿಷ್ ಅದನ್ನು ಬೇರೆ ಜಾಗದಲ್ಲಿ ಗುರುತು ಹಾಕುತ್ತದೆ ಅನ್ನುವುದನ್ನು ಅವರಿಗೆ ಯಾರೂ ತಿಳಿಸಿಲ್ಲ.

5. ತಪ್ಪುಗಳ ತರ್ಕ

ಈಗ ಆ ಕ್ರಮಬದ್ಧ ತಪ್ಪುಗಳಿಗೆ ಬರೋಣ.

‘ಹಿ ಆಸ್ಕ್ಡ್ ಮಿ ದಟ್ ವೇರ್ ಆರ್ ಯು ಗೋಯಿಂಗ್.’ ಇದು ಯಾಕೆ ಬರುತ್ತದೆ? ಕನ್ನಡದಲ್ಲಿ ಹೇಳಿಕೆ, ಪ್ರಶ್ನೆ, ಅಪ್ಪಣೆ ಯಾವುದಿದ್ದರೂ ‘ಅಂತ’ ಬರುತ್ತದೆ. ‘ಅಂತ’ಕ್ಕೆ ‘ದಟ್’ ಅಂತ ಅರ್ಥ ಕಲಿಸಿದ ಮೇಲೆ ಮಗು ಪ್ರಶ್ನೆಗೂ ‘ದಟ್’ ಹಾಕುವುದು ಸಹಜವೇ. ಇಂಗ್ಲಿಷಿನ ‘ದಟ್’ ಹೇಳಿಕೆಯನ್ನು ಮಾತ್ರ ಒಪ್ಪುತ್ತದೆ. ಪ್ರಶ್ನೆಗೆ ಪ್ರಶ್ನಪದವೇ ಸಾಕು, ಹೌದು-ಇಲ್ಲ ಪ್ರಶ್ನೆಗೆ ‘ಇಫ್’ ಅಥವಾ ‘ವೆದರ್’ ಬೇಕು. ಈ ಕೊನೆಯದಕ್ಕೆ ಕನ್ನಡದಲ್ಲೂ ಜೋಡಿ ಇದೆ: “ಬರ್ತಾನೋ ಇಲ್ಲವೋ ಕೇಳು.” ‘ವೆದರ್’ ಕಲಿಸಬೇಕಾದ್ದು ಈ ‘ಓ’ದಿಂದ, ‘ಅಂತ’ದಿಂದ ಅಲ್ಲ. ‘ಆರ್ ಯು’ ತಿರುಗಿ ‘ಐ ವಾಸ್’ ಆಗದೇ ಉಳಿಯುವುದಕ್ಕೆ ಕಾರಣ, ಬೇಲಿಯೊಳಗಿನ ಪ್ರಶ್ನೆ ಕನ್ನಡದಲ್ಲಿ ಪ್ರಶ್ನೆಯಾಗಿಯೇ ಇರುತ್ತದೆ.

‘ಹಿ ಟೋಲ್ಡ್ ದಟ್ ಹಿ ವಿಲ್ ಕಮ್ ಟುಮಾರೋ.’ ಇಲ್ಲಿ ಮಗು ಪುರುಷ ಬದಲಾಯಿಸಿದೆ, ಕಾಲ ಬದಲಾಯಿಸಿಲ್ಲ. ಅಂದರೆ ಅದು ಕನ್ನಡದ ಎರಡನೆಯ ಮೆಟ್ಟಿಲವರೆಗೆ ಸರಿಯಾಗಿ ಬಂದಿದೆ. ‘ಟೋಲ್ಡ್’ ಆದಮೇಲೆ ಯಾರಿಗೆ ಅಂತ ಹೇಳದೇ ಬಿಟ್ಟದ್ದೂ ಕನ್ನಡದ ‘ಹೇಳಿದ’ದ ಪ್ರಭಾವ. ನಮ್ಮ ‘ಹೇಳು’ವಿಗೆ ಕೇಳುಗನ ಹೆಸರು ಕಡ್ಡಾಯ ಅಲ್ಲ.

ಹಾಗಾಗಿ ಕಲಿಸುವ ಕ್ರಮವನ್ನು ಹೀಗೆ ಬದಲಾಯಿಸಬಹುದು ಅಂತ ನನ್ನ ಸಲಹೆ. ಮೊದಲು ಕನ್ನಡ ವಾಕ್ಯವನ್ನು ಮೂರು ಮೆಟ್ಟಿಲು ಹತ್ತಿಸಿ: ನಾನು ಬರ್ತೀನಿ ಅಂದ, ತಾನು ಬರ್ತೀನಿ ಅಂದ, ತಾನು ಬರುವುದಾಗಿ ಹೇಳಿದ. ಆಗ ಪುರುಷ ಯಾಕೆ ಬದಲಾಗುತ್ತದೆ ಅನ್ನುವುದು ಮಗುವಿಗೆ ತನ್ನ ಭಾಷೆಯಲ್ಲೇ ತಿಳಿಯುತ್ತದೆ. ಆಮೇಲೆ ಎರಡು ಗಡಿಯಾರ ಬರೆಯಿರಿ. ಒಂದು ಮಾತಾಡಿದವನದು, ಒಂದು ವರದಿ ಮಾಡುವವನದು. ಕನ್ನಡ ಮೊದಲನೆಯದನ್ನು ನೋಡುತ್ತದೆ, ಇಂಗ್ಲಿಷ್ ಎರಡನೆಯದನ್ನು ನೋಡುತ್ತದೆ. ‘ವಿಲ್’ ಯಾಕೆ ‘ವುಡ್’, ‘ಟುಮಾರೋ’ ಯಾಕೆ ‘ನೆಕ್ಸ್ಟ್ ಡೇ’, ‘ಹಿಯರ್’ ಯಾಕೆ ‘ದೇರ್’, ಈ ಎಲ್ಲ ಪಟ್ಟಿ ಆ ಒಂದೇ ಗಡಿಯಾರದಿಂದ ಹುಟ್ಟುತ್ತದೆ. ಅಪ್ಪಣೆಗೆ “ಹೋಗಲು ಹೇಳಿದ” ಅನ್ನುವ ರೂಪ ಕನ್ನಡದಲ್ಲಿ ಸಿದ್ಧವಾಗಿಯೇ ಇದೆ, ಅದು ‘ಟೋಲ್ಡ್ ಹಿಮ್ ಟು ಗೋ’ದ ನೇರ ಜೋಡಿ.

6. ‘ನಾನು’ ಯಾರು?

ಕೊನೆಯದಾಗಿ, ಅಂಕಗಳಿಗಿಂತ ದೊಡ್ಡದು ಅಂತ ಹೇಳಿದ ವಿಷಯ. ಒಂದು ಕಲ್ಪಿತ ಸಾಕ್ಷ್ಯ ತಗೊಳ್ಳಿ: “ನಾನು ರೊಕ್ಕಾ ತಗೊಂಡೀನಿ ಅಂತ ಅಂವ ಹೇಳಿದ.”

ಈ ವಾಕ್ಯಕ್ಕೆ ಎರಡು ಅರ್ಥ ಇವೆ. ಅವನು ತಾನೇ ತಗೊಂಡದ್ದನ್ನು ಒಪ್ಪಿಕೊಂಡ ಅನ್ನುವುದು ಒಂದು. ಅವನು ನನ್ನ ಮೇಲೆ, ಅಂದರೆ ಈಗ ಮಾತಾಡುತ್ತಿರುವ ಸಾಕ್ಷಿಯ ಮೇಲೆ ಆರೋಪ ಹೊರಿಸಿದ ಅನ್ನುವುದು ಇನ್ನೊಂದು. ಒಂದೇ ವಾಕ್ಯ ಒಂದು ಕಡೆ ತಪ್ಪೊಪ್ಪಿಗೆ, ಇನ್ನೊಂದು ಕಡೆ ದೂರು. ಕ್ರಿಯಾಪದ ಎರಡರಲ್ಲೂ ಉತ್ತಮ ಪುರುಷವೇ ಆದ್ದರಿಂದ ಅದೂ ಸಹಾಯ ಮಾಡುವುದಿಲ್ಲ. ಎದುರಿಗೆ ಮಾತಾಡುವಾಗ ದನಿಯ ಏರಿಳಿತ, ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳುತ್ತೇವೆ. ಕಾಗದದ ಮೇಲೆ ದನಿ ಇರುವುದಿಲ್ಲ.

1973ರ ದಂಡ ಪ್ರಕ್ರಿಯಾ ಸಂಹಿತೆಯ 277ನೆಯ ಕಲಮಿನ ಪ್ರಕಾರ, ಸಾಕ್ಷಿ ನ್ಯಾಯಾಲಯದ ಭಾಷೆಯಲ್ಲದ ಬೇರೆ ಭಾಷೆಯಲ್ಲಿ ಹೇಳಿದರೆ ಸಾಧ್ಯವಿದ್ದಷ್ಟು ಆ ಭಾಷೆಯಲ್ಲೇ ಬರೆದುಕೊಳ್ಳಬಹುದು, ಆಗದಿದ್ದರೆ ನ್ಯಾಯಾಲಯದ ಭಾಷೆಗೆ ನಿಜವಾದ ಅನುವಾದ ಮಾಡಬೇಕು. 2024ರ ಜುಲೈ 1ರಿಂದ ಆ ಸಂಹಿತೆಯ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ, ಅದರಲ್ಲೂ ಇದೇ ಆಶಯ ಇದೆ. ಗಡಹಿಂಗ್ಲಜದ ಕಡೆಯ ಕನ್ನಡ ಹಳ್ಳಿಯವರ ಮಾತು ಕೆಳ ನ್ಯಾಯಾಲಯದಲ್ಲಿ ಮರಾಠಿಗೆ ಬರುತ್ತದೆ ಅಂದುಕೊಳ್ಳಿ: “ಮೀ ಪೈಸೇ ಘೇತಲೇ ಅಸಂ ತೋ ಮ್ಹಣಾಲಾ.” ಇಲ್ಲಿಯವರೆಗೆ ನಷ್ಟ ಇಲ್ಲ. ಎರಡು ಭಾಷೆಗಳ ಅಚ್ಚು ಒಂದೇ ಆದ್ದರಿಂದ ಸಂದಿಗ್ಧತೆಯೂ ಹಾಗೇ ದಾಟಿ ಬಂದಿದೆ. ತೊಡಕು ಶುರುವಾಗುವುದು ಮುಂದಿನ ಮೆಟ್ಟಿಲಲ್ಲಿ. ಸಂವಿಧಾನದ 348ನೆಯ ವಿಧಿಯಂತೆ ಉಚ್ಚ ನ್ಯಾಯಾಲಯದ ಭಾಷೆ ಸಾಮಾನ್ಯವಾಗಿ ಇಂಗ್ಲಿಷ್. 2025ರ ಆಗಸ್ಟ್ 18ರಿಂದ ಬಾಂಬೆ ಹೈಕೋರ್ಟಿನ ಸರ್ಕಿಟ್ ಬೆಂಚ್ ಕೊಲ್ಹಾಪುರದಲ್ಲೇ ಕೂಡುತ್ತಿದೆ, ಕೊಲ್ಹಾಪುರದ ಜೊತೆ ಸಾಂಗಲಿ, ಸೊಲ್ಲಾಪುರ ಜಿಲ್ಲೆಗಳೂ ಅದರ ವ್ಯಾಪ್ತಿಯಲ್ಲಿವೆ. ಕನ್ನಡ ಆಡುವ ಊರುಗಳಿರುವ ಜಿಲ್ಲೆಗಳೇ ಇವು. ಇಂಗ್ಲಿಷಿಗೆ ಬಂದ ಕೂಡಲೇ ಅನುವಾದಕ ‘ಹಿ ಸೆಡ್ ದಟ್ ಹಿ ಹ್ಯಾಡ್ ಟೇಕನ್’ ಅನ್ನಬೇಕೋ ‘ಹಿ ಸೆಡ್ ದಟ್ ಐ ಹ್ಯಾಡ್ ಟೇಕನ್’ ಅನ್ನಬೇಕೋ ತೀರ್ಮಾನ ಮಾಡಲೇಬೇಕು. ಇಂಗ್ಲಿಷ್ ವ್ಯಾಕರಣ ಅವನಿಗೆ ತೀರ್ಮಾನ ಮುಂದೂಡಲು ಬಿಡುವುದಿಲ್ಲ. ಒಂದನ್ನು ಆರಿಸಿದ ಮೇಲೆ ಇನ್ನೊಂದು ಅರ್ಥ ಇತ್ತು ಅನ್ನುವ ಕುರುಹೂ ಉಳಿಯುವುದಿಲ್ಲ.

ಇದಕ್ಕೆ ಪರಿಹಾರ ಕನ್ನಡದಲ್ಲೇ ಇದೆ. “ತಾ ತಗೊಂಡೀನಂತ ಹೇಳಿದ” ಅಂದರೆ ಸಂಶಯಕ್ಕೆ ಜಾಗ ಇಲ್ಲ. ಮರಾಠಿಯಲ್ಲೂ ‘ಆಪಣ’ ಇದೇ ಕೆಲಸ ಮಾಡಬಲ್ಲದು. ಹೇಳಿಕೆ ಬರೆದುಕೊಳ್ಳುವವರು “ಯಾರು, ತಾನಾ, ನೀನಾ?” ಅಂತ ಒಂದು ಪ್ರಶ್ನೆ ಕೇಳಿ, ಉತ್ತರವನ್ನು ಬರೆದುಕೊಂಡರೆ ಸಾಕು.

ಪ್ರಶ್ನೋತ್ತರ

ಒಬ್ಬ ಅಧ್ಯಾಪಕರು: ಕಾಲ ಬದಲಾಗದಿರುವುದನ್ನು ಕನ್ನಡದ ಕೊರತೆ ಅನ್ನಬಹುದೇ?

ಉತ್ತರ: ಅನ್ನಬಾರದು ಸರ್. “ಜ್ವರ ಬಂದೈತಿ ಅಂತ ಹೇಳಿದ” ಅಂದಾಗ ಅವನು ನಿಖರವಾಗಿ ಏನು ಹೇಳಿದ ಅನ್ನುವುದು ಉಳಿಯುತ್ತದೆ. ‘ಹಿ ಸೆಡ್ ಹಿ ಹ್ಯಾಡ್ ಫೀವರ್’ ಅಂದಾಗ ಅವನು ‘ಇದೆ’ ಅಂದನೋ ‘ಇತ್ತು’ ಅಂದನೋ ತಿಳಿಯುವುದಿಲ್ಲ. ಕನ್ನಡ ಪುರುಷದಲ್ಲಿ ಸಂದಿಗ್ಧ, ಕಾಲದಲ್ಲಿ ಸ್ಪಷ್ಟ. ಇಂಗ್ಲಿಷ್ ತಿರುವುಮುರುವು.

ಸಹಪಾಠಿಯೊಬ್ಬರು: ಸಾಹಿತ್ಯಕ್ಕೆ ಇದರ ಸಂಬಂಧ ಏನು?

ಉತ್ತರ: ಕಾದಂಬರಿಯಲ್ಲಿ ಪಾತ್ರದ ಒಳಮಾತನ್ನು ನಿರೂಪಕನ ಮಾತಿನೊಳಗೆ ಬೆರೆಸುವ ತಂತ್ರ ಇಂಗ್ಲಿಷಿನಲ್ಲಿ ಕಾಲ ಮತ್ತು ಪುರುಷದ ಬದಲಾವಣೆಯ ಮೇಲೆ ನಿಂತಿದೆ. ಕನ್ನಡದಲ್ಲಿ ಕಾಲ ಬದಲಾಗದ ಕಾರಣ ಆ ಭಾರವೆಲ್ಲ ‘ತಾನು’ವಿನ ಮೇಲೆ ಬೀಳುತ್ತದೆ. ‘ಸಂಸ್ಕಾರ’ದ ಪ್ರಾಣೇಶಾಚಾರ್ಯರ ಒಳತೋಟಿಯ ಭಾಗಗಳನ್ನು ‘ನಾನು’, ‘ತಾನು’, ‘ಎಂದು’ ಎಲ್ಲೆಲ್ಲಿ ಬಂದಿವೆ, ಎಲ್ಲಿ ಬಿಟ್ಟುಹೋಗಿವೆ ಅಂತ ಗುರುತು ಹಾಕಿಕೊಂಡು ಓದಿದರೆ, ಆಮೇಲೆ ಎ.ಕೆ. ರಾಮಾನುಜನ್ ಅವರ ಅನುವಾದವನ್ನು ಪಕ್ಕದಲ್ಲಿಟ್ಟು ನೋಡಿದರೆ, ಒಂದು ಒಳ್ಳೆಯ ಪ್ರಬಂಧಕ್ಕೆ ವಸ್ತು ಸಿಗುತ್ತದೆ.

ಇನ್ನೊಬ್ಬರು: ಗಡಿಯ ಕನ್ನಡದಲ್ಲಿ ‘ಕೀ’ ಬಂದರೆ ‘ಅಂತ’ ಹೋಗಿಬಿಡುತ್ತದಾ?

ಉತ್ತರ: ಮರಾಠಿಯಲ್ಲೇ ‘ಕೀ’ಯ ಜೊತೆ ‘ಅಸಂ’, ‘ಮ್ಹಣೂನ್’ ಎರಡೂ ಉಳಿದಿವೆ. ‘ಅಂತ’ಕ್ಕೆ ಕಾರಣ, ಉದ್ದೇಶ, ಹೆಸರು, ಸದ್ದು ಇಷ್ಟೆಲ್ಲ ಕೆಲಸ ಇದೆ. ‘ಕೀ’ ಅದರಲ್ಲಿ ಒಂದನ್ನು ಮಾತ್ರ ಹಂಚಿಕೊಳ್ಳಬಲ್ಲದು. ‘ದಬ್ ಅಂತ ಬಿದ್ದ’ದ್ದನ್ನು ‘ಕೀ’ ಹಾಕಿ ಹೇಳಲಿಕ್ಕೆ ಆಗುವುದಿಲ್ಲ. ಆದರೆ ಮನೆಯಲ್ಲಿ ಕನ್ನಡ ಆಡುವ ಮಕ್ಕಳು ಕನ್ನಡ ಓದುವುದು ನಿಂತುಹೋದರೆ ಮೂರನೆಯ ಮೆಟ್ಟಿಲು, ಅಂದರೆ ‘ಬರುವುದಾಗಿ’, ಮೊದಲು ಹೋಗುತ್ತದೆ ಅಂತ ನನ್ನ ಊಹೆ. ಅದು ಓದಿನಿಂದ ಮಾತ್ರ ಬರುವ ರೂಪ, ಅವ್ವನ ಬಾಯಿಂದ ಬರುವುದಲ್ಲ. ಅದಕ್ಕೇ ಗಡಿಯ ಕನ್ನಡ ಶಾಲೆಗಳಲ್ಲಿ ಈ ಪಾಠವನ್ನು ಇಂಗ್ಲಿಷ್ ಮೇಷ್ಟ್ರು ಮತ್ತು ಕನ್ನಡ ಮೇಷ್ಟ್ರು ಒಂದೇ ವಾರದಲ್ಲಿ ಸೇರಿ ಕಲಿಸಲಿ ಅನ್ನುವುದು ನನ್ನ ವಿನಂತಿ.